ಹುಟ್ಟೂರಿನ ರಾಜಕಾರಣಿಗೆ ಸ್ಮಾರಕ ಫಲಕ: ಒಕ್ಕಣೆಯಿಂದ ಕಲ್ಲಿನವರೆಗೆ

ತಮ್ಮ ಊರಿನಲ್ಲಿ ಹುಟ್ಟಿ ನಾಡಿನ ರಾಜಕಾರಣದಲ್ಲಿ ಹೆಸರಾದವರ ನೆನಪಿಗೆ ಶಿಲಾಫಲಕ ನಿಲ್ಲಿಸಲು ಹೊರಟವರು ಸಾಮಾನ್ಯವಾಗಿ ಮೊದಲು ಕಲ್ಲಿನ ಅಂಗಡಿಗೆ ಹೋಗುತ್ತಾರೆ. ಕೆತ್ತಿದ ಅಕ್ಷರವನ್ನು ತಿದ್ದುವುದು ಕಷ್ಟವಾದ್ದರಿಂದ, ಕೆಲಸವನ್ನು ಒಕ್ಕಣೆಯಿಂದ ಆರಂಭಿಸುವುದೇ ಸರಿ. ಎಸ್. ನಿಜಲಿಂಗಪ್ಪನವರ ಹುಟ್ಟೂರಾದ ಹಲುವಾಗಲಿಗೆ ಇಂಥದೊಂದು ಫಲಕ ಬರೆಯಬೇಕಾಗಿದೆ ಎಂದಿಟ್ಟುಕೊಂಡು ನೋಡೋಣ.

ಮೊದಲ ತೊಡಕು ಜಿಲ್ಲೆಯ ಹೆಸರಿನದು. ಅವರು 1902ರ ಡಿಸೆಂಬರ್ 10ರಂದು ಹುಟ್ಟಿದಾಗ ಈ ಊರು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಊರು ಸೇರಿರುವ ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು. ಆದ್ದರಿಂದ ಜಿಲ್ಲೆಯನ್ನು ಕೈಬಿಟ್ಟು ‘ಈ ಊರಿನಲ್ಲಿ ಜನಿಸಿದರು’ ಎಂದಷ್ಟೇ ಬರೆಯುವುದು ಲೇಸು. ಕಲ್ಲು ನಿಂತಿರುವುದೇ ಆ ಊರಿನಲ್ಲಿ.

ಎರಡನೆಯದು ಪದವಿಯ ವಿಷಯ. ‘ಕರ್ನಾಟಕದ ಮೊದಲ ಮುಖ್ಯಮಂತ್ರಿ’ ಎಂಬ ಮಾತು ಭಾಷಣಗಳಲ್ಲಿ ಸಲ್ಲಬಹುದು, ಕಲ್ಲಿನ ಮೇಲೆ ಸಲ್ಲದು. 1947ರಲ್ಲೇ ಕೆ.ಸಿ. ರೆಡ್ಡಿಯವರು ಮೈಸೂರಿನ ಮೊದಲ ಮುಖ್ಯಮಂತ್ರಿಯಾಗಿದ್ದರು; 1956ರ ನವೆಂಬರ್ 1ರಂದು ನಿಜಲಿಂಗಪ್ಪನವರು ಅಧಿಕಾರ ವಹಿಸಿಕೊಂಡದ್ದು ಏಕೀಕೃತ ಮೈಸೂರು ರಾಜ್ಯಕ್ಕೆ; ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. ಅವರ ಅಧಿಕಾರಾವಧಿಯೂ ಒಂದೇ ಅಲ್ಲ. 1958ರ ಮೇ ತಿಂಗಳಲ್ಲಿ ಬಿ.ಡಿ. ಜತ್ತಿಯವರು ಆ ಸ್ಥಾನಕ್ಕೆ ಬಂದರು; 1962ರ ಜೂನ್‌ನಲ್ಲಿ ಮತ್ತೆ ಮುಖ್ಯಮಂತ್ರಿಯಾದ ನಿಜಲಿಂಗಪ್ಪನವರು 1968ರ ಮೇವರೆಗೆ ಆಡಳಿತ ನಡೆಸಿದರು. ‘1956ರಿಂದ 1968ರವರೆಗೆ’ ಎಂದು ಒಟ್ಟಾಗಿ ಬರೆದರೆ ನಡುವಿನ ನಾಲ್ಕು ವರ್ಷಗಳನ್ನು ಅವರ ಲೆಕ್ಕಕ್ಕೆ ಹಾಕಿದಂತಾಗುತ್ತದೆ. ಇಂಥ ವಿವರಗಳನ್ನು ವಿಧಾನಮಂಡಲದ ದಾಖಲೆಗಳೊಡನೆ ಮತ್ತು ಜಿಲ್ಲಾ ಗ್ಯಾಸೆಟಿಯರ್‌ನೊಡನೆ ಹೋಲಿಸಿ ನೋಡಬೇಕು.

ವಿವಾದದ ಸಂಗತಿಗಳನ್ನು ಮುಚ್ಚಿಡುವ ಅಗತ್ಯವಿಲ್ಲ. 1969ರ ನವೆಂಬರ್‌ನಲ್ಲಿ ಇಂದಿರಾ ಗಾಂಧಿಯವರನ್ನು ಪಕ್ಷದಿಂದ ಉಚ್ಚಾಟಿಸಿದಾಗ ಕಾಂಗ್ರೆಸ್ ಅಧ್ಯಕ್ಷರಾಗಿದ್ದವರು ಇವರೇ. ಹೊಗಳಿಕೆಯಾಗಲಿ ದೂಷಣೆಯಾಗಲಿ ಇಲ್ಲದೆ ಅದನ್ನು ಒಂದು ಸಾಲಿನಲ್ಲಿ ಹೇಳಬಹುದು. ‘ಧೀಮಂತ’, ‘ಮುತ್ಸದ್ದಿ’, ‘ಅಜಾತಶತ್ರು’ ಮುಂತಾದ ವಿಶೇಷಣಗಳನ್ನು ಅಳಿಸಿದರೆ ಅದಕ್ಕೆ ಬೇಕಾದ ಜಾಗ ತಾನಾಗಿ ಸಿಗುತ್ತದೆ. ಒಕ್ಕಣೆ ಹೀಗಿರಬಹುದು:

‘ಎಸ್. ನಿಜಲಿಂಗಪ್ಪ (1902–2000) ಈ ಊರಿನಲ್ಲಿ ಜನಿಸಿದರು. ಚಿತ್ರದುರ್ಗದಲ್ಲಿ ವಕೀಲರಾಗಿದ್ದು, ಸ್ವಾತಂತ್ರ್ಯ ಚಳವಳಿಯಲ್ಲಿಯೂ ಕರ್ನಾಟಕ ಏಕೀಕರಣದಲ್ಲಿಯೂ ಪಾಲ್ಗೊಂಡರು. ಏಕೀಕೃತ ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿಯಾಗಿ 1956ರಿಂದ 1958ರವರೆಗೆ, ಮತ್ತೆ 1962ರಿಂದ 1968ರವರೆಗೆ ಆಡಳಿತ ನಡೆಸಿದರು. 1969ರಲ್ಲಿ ಕಾಂಗ್ರೆಸ್ ಇಬ್ಭಾಗವಾದಾಗ ಅದರ ಅಧ್ಯಕ್ಷರಾಗಿದ್ದರು.’

ಜಾಗವನ್ನು ಆರಿಸುವಾಗ ರಸ್ತೆ ಮತ್ತು ಕಾಲುದಾರಿಯನ್ನು ಬಿಟ್ಟುಬಿಡಬೇಕು. ಸಾರ್ವಜನಿಕ ರಸ್ತೆಗಳಲ್ಲಿ ಪ್ರತಿಮೆ ಅಥವಾ ಕಟ್ಟಡಗಳಿಗೆ ಅನುಮತಿ ನೀಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲಿ ರಾಜ್ಯಗಳಿಗೆ ಆದೇಶಿಸಿದೆ. ಗ್ರಾಮ ಪಂಚಾಯಿತಿ ಕಚೇರಿಯ ಆವರಣವೋ ಗ್ರಂಥಾಲಯದ ಮುಂಭಾಗವೋ ಸೂಕ್ತ. ಪಂಚಾಯಿತಿ ಸಭೆಯಲ್ಲಿ ಠರಾವು ಮಾಡಿಸಿ, ಒಕ್ಕಣೆಯನ್ನೂ ನಿರ್ವಹಣೆಯ ಹೊಣೆಯನ್ನೂ ಅದರಲ್ಲಿಯೇ ನಮೂದಿಸಿದರೆ ಮುಂದೆ ತಕರಾರಿಗೆ ಎಡೆ ಕಡಿಮೆ.

ಹೊಳಪು ಕೊಟ್ಟ ಕಪ್ಪು ಗ್ರಾನೈಟ್ ನೋಡಲು ಚೆಂದವಾದರೂ ಬಿಸಿಲಿನಲ್ಲಿ ಕನ್ನಡಿಯಂತೆ ಹೊಳೆದು ಓದಲು ಅಡ್ಡಿಯಾಗುತ್ತದೆ; ನೆರಳಿಲ್ಲದ ಕಡೆ ಹೊಳಪು ಕಡಿಮೆಯಿರುವ ಕಲ್ಲನ್ನೇ ಆರಿಸಬೇಕು. ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಂತೆ ಸಾಲುಗಳ ನಡುವೆ ಧಾರಾಳ ಜಾಗ ಬಿಡಿಸಬೇಕು. ಯೂನಿಕೋಡ್‌ನಲ್ಲಿ ಕಳುಹಿಸಿದ ಬರಹವನ್ನು ಕೆತ್ತನೆಯವರು ತಮ್ಮ ಫಾಂಟಿಗೆ ಬದಲಾಯಿಸುವಾಗ ಅರ್ಕಾವತ್ತು, ದೀರ್ಘ, ಒತ್ತುಗಳು ಕೆಡುವುದುಂಟು; ಕಲ್ಲಿನ ಅಳತೆಯಲ್ಲಿಯೇ ಕಾಗದದ ಪ್ರತಿ ತರಿಸಿ, ಒಕ್ಕಣೆ ಬರೆಯದ ಇಬ್ಬರಿಂದ ಗಟ್ಟಿಯಾಗಿ ಓದಿಸಿದ ನಂತರವೇ ಒಪ್ಪಿಗೆಯ ಸಹಿ ಹಾಕಬೇಕು.

ಕೊನೆಯ ಕಾಟ ಅತಿಥಿಗಳ ಪಟ್ಟಿ. ಉದ್ಘಾಟಕರು, ಘನ ಉಪಸ್ಥಿತರು, ಅಧ್ಯಕ್ಷರು, ಸದಸ್ಯರು, ಗುತ್ತಿಗೆದಾರರು ಎಂದು ಸಾಲು ಬೆಳೆದು, ಯಾರಿಗಾಗಿ ಕಲ್ಲು ನಿಂತಿತೋ ಅವರ ಹೆಸರೇ ಮೂಲೆಗೆ ಸರಿದ ಫಲಕಗಳು ನಮ್ಮಲ್ಲಿ ಬೇಕಾದಷ್ಟಿವೆ. ಸರ್ಕಾರದ ಹಣ ಸೇರಿದ್ದರೆ ಶಿಷ್ಟಾಚಾರದಂತೆ ಈ ಹೆಸರುಗಳು ಬೇಕಾಗಬಹುದು. ಅವುಗಳಿಗೆ ಬೇರೊಂದು ಚಿಕ್ಕ ಕಲ್ಲನ್ನು ಆಚೆ ಗೋಡೆಯಲ್ಲಿ ಕೂರಿಸುವುದೆಂದು ಠರಾವಿನಲ್ಲಿಯೇ ಬರೆಯಿಸಿಡಬೇಕು.