ಇಡ್ಲಿ ತಟ್ಟೆಯಲ್ಲಿ 598 ಪೀಸು: 'ಅಪ್' ಮನೆಯ ರಿವ್ಯೂ ನಾನು ಬರೆದ ಬಗೆ

ಅಕ್ಕ ನ್ಯೂಜೆರ್ಸಿಯಿಂದ ಬರುವಾಗ ಸೂಟ್‌ಕೇಸಿನಲ್ಲಿ ಜಾಗ ಉಳಿಸೋಕೆ ಅಂತ ಲೆಗೊ ಸೆಟ್ಟಿನ (ಪ್ಲಾಸ್ಟಿಕ್ ಪೀಸು ಜೋಡಿಸಿ ಮಾಡುವ ಆಟಿಕೆ) ಡಬ್ಬವನ್ನು ಅಲ್ಲೇ ಬಿಸಾಕಿ, ಒಳಗಿನ ಪ್ಲಾಸ್ಟಿಕ್ ಚೀಲಗಳನ್ನು ಮಾತ್ರ ಸೀರೆಗಳ ನಡುವೆ ಮಡಚಿಟ್ಟು ತಂದಿದ್ದಳು. ಹಾಗಾಗಿ ಡಬ್ಬದ ಬಗ್ಗೆ ನಾನು ಏನೂ ಹೇಳಲಾರೆ. ಬೇರೆಯವರ ರಿವ್ಯೂಗಳಲ್ಲಿ ಅರ್ಧ ಪುಟ ಡಬ್ಬದ ಚಿತ್ರ, ಡಬ್ಬದ ಬಣ್ಣ, ಡಬ್ಬ ಬಿಚ್ಚುವ ಖುಷಿ. ನನ್ನದರಲ್ಲಿ ಸೀರೆಯ ನ್ಯಾಫ್ತಲಿನ್ ಗುಳಿಗೆಯ ವಾಸನೆ.

ಸೆಟ್ಟು ಯಾವುದು ಅಂದರೆ ಲೆಗೊ 43217, 'ಅಪ್' ಅನ್ನುವ ಡಿಸ್ನಿ-ಪಿಕ್ಸಾರ್ ಕಾರ್ಟೂನ್ ಸಿನಿಮಾದಲ್ಲಿ ಬಲೂನು ಕಟ್ಟಿಕೊಂಡು ಹಾರುವ ಮನೆ. ಡಿಸ್ನಿಗೆ ನೂರು ತುಂಬಿದ 2023ರಲ್ಲಿ ಬಂದದ್ದು. 598 ಪೀಸು, ಒಂಬತ್ತು ವರ್ಷಕ್ಕೆ ಮೇಲ್ಪಟ್ಟವರಿಗೆ. ಜೊತೆಗೆ ಕಾರ್ಲ್ ಅನ್ನುವ ಮುದುಕ, ರಸೆಲ್ ಅನ್ನುವ ಹುಡುಗ, ಡಗ್ ಅನ್ನುವ ನಾಯಿ. ಅಮೆರಿಕದಲ್ಲಿ ಅದರ ಮುಖಬೆಲೆ 59.99 ಡಾಲರ್ ಇತ್ತು, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು ಐದು ಸಾವಿರ ರೂಪಾಯಿ. ಅಮ್ಮನಿಗೆ ಬೆಲೆ ಹೇಳಬಾರದಿತ್ತು, ಹೇಳಿಬಿಟ್ಟೆ. "ಎರಡು ತಿಂಗಳ ಅಕ್ಕಿ ಬರ್ತಿತ್ತಲ್ಲೋ" ಅಂದರು. ನಿಜವೇ.

ಬೆಲೆಯ ವಿಷಯ ಬಂದಿದ್ದರಿಂದ ಅದನ್ನು ಮೊದಲು ಮುಗಿಸ್ತೀನಿ. ಈ ಸೆಟ್ಟುಗಳ ರಿವ್ಯೂ ಬರೆಯುವವರಲ್ಲಿ ಒಂದು ಹಳೇ ಲೆಕ್ಕ ಇದೆ: ಪೀಸಿಗೆ ಹತ್ತು ಸೆಂಟ್ ಬಿದ್ದರೆ ಸರಿಯಾದ ಬೆಲೆ, ಅದಕ್ಕಿಂತ ಕಮ್ಮಿ ಇದ್ದರೆ ಲಾಭ. ಈ ಸೆಟ್ಟು ಆ ಗೆರೆಯ ಮೇಲೇ ಕೂತಿದೆ. ಆದರೆ ನಮ್ಮಲ್ಲಿ ಕೊಳ್ಳುವವರಿಗೆ ಆ ಲೆಕ್ಕ ಉಪಯೋಗಕ್ಕೆ ಬರಲ್ಲ. ಆಟಿಕೆಗಳ ಮೇಲಿನ ಆಮದು ಸುಂಕ 2020ರ ಬಜೆಟ್‌ನಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. 2021ರ ಜನವರಿಯಿಂದ ಆಟಿಕೆಗಳಿಗೆ ಬಿಐಎಸ್ ಅನ್ನುವ ಸರ್ಕಾರಿ ಗುಣಮಟ್ಟದ ಗುರುತು ಕಡ್ಡಾಯ. ಹಾಗಾಗಿ ಅಲ್ಲಿನ ರಿವ್ಯೂ ಓದಿ "ಒಳ್ಳೇ ಬೆಲೆ" ಅಂದುಕೊಂಡು ಇಲ್ಲಿನ ಅಂಗಡಿಗೆ ಹೋದರೆ ಎದೆ ಧಸಕ್ಕನ್ನತ್ತೆ. ಪೀಸಿನ ಲೆಕ್ಕ ನನಗೆ ಮೊದಲಿಂದಲೂ ಅಷ್ಟಕ್ಕಷ್ಟೇ. ಅಕ್ಕಿಕಾಳಿನಂಥ ಪೀಸು ನೂರು ಸೇರಿಸಿದರೂ ಸಂಖ್ಯೆ ಏರತ್ತೆ, ಅಂಗೈಯಗಲದ ಒಂದು ಗೋಡೆ ಹಾಕಿದರೆ ಏರಲ್ಲ.

ಜೋಡಿಸುವ ಮುಂಚೆ ನಾನು ಸಿನಿಮಾ ನೋಡಲ್ಲ. ಇದು ನನ್ನ ಹಠ ಅನ್ನಿ. 'ಅಪ್' 2009ರದ್ದು, ಆಗ ನೋಡಿದ್ದೇ ನೋಡಿದ್ದು. ಸಿನಿಮಾ ಬಿಸಿಯಾಗಿ ತಲೆಯಲ್ಲಿದ್ದರೆ ಕಿಟಕಿ ಕಂಡರೂ ಕಣ್ಣು ತುಂಬಿಕೊಳ್ಳತ್ತೆ, ಆಗ ಆಟಿಕೆ ಚೆನ್ನಾಗಿದೆಯೋ ಸಿನಿಮಾ ಚೆನ್ನಾಗಿದೆಯೋ ಗೊತ್ತಾಗಲ್ಲ. ಮಗಳಂತೂ ಆ ಸಿನಿಮಾ ನೋಡೇ ಇರಲಿಲ್ಲ. ಅವಳಿಗೆ ಒಂಬತ್ತು. ಡಬ್ಬದ ಮೇಲೆ ಬರೆದ ವಯಸ್ಸಿಗೆ ಸರಿಯಾಗಿ.

ಶುಕ್ರವಾರ ರಾತ್ರಿ ಊಟ ಆದಮೇಲೆ ಚಾಪೆ ಹಾಸಿ ಕೂತೆವು. ಚೀಲಗಳ ಮೇಲೆ ನಂಬರ್ ಇರತ್ತೆ, ಒಂದರ ನಂತರ ಒಂದು ಬಿಚ್ಚಬೇಕು. ಪೀಸುಗಳನ್ನೆಲ್ಲ ಮೊರದಲ್ಲಿ ಸುರಿದೆ. ಅಮ್ಮ ಸುಮ್ನೆ ನೋಡ್ತಾ ಇದ್ದವರು ಮೊರ ಕೈಗೆ ತಗೊಂಡು, ಅಕ್ಕಿ ಕೇರುವ ಹಾಗೆ ಎರಡು ಸಲ ತೂಗಿ ಒಂದು ತಟ್ಟು ತಟ್ಟಿದರು ನೋಡಿ, ಸಣ್ಣ ಪೀಸೆಲ್ಲ ಒಂದು ಮೂಲೆಗೆ ಬಂದು ನಿಂತವು. ನಾನು ಹತ್ತು ವರ್ಷದಿಂದ ಬೆರಳಲ್ಲಿ ಹುಡುಕಿ ಹುಡುಕಿ ಆರಿಸ್ತಾ ಇದ್ದೆ! ಆ ಸಣ್ಣವನ್ನು ಬಣ್ಣದ ಪ್ರಕಾರ ಹಾಕೋಕೆ ಇಡ್ಲಿ ತಟ್ಟೆ. ಒಂದೊಂದು ಗುಳಿಗೆ ಒಂದೊಂದು ಬಣ್ಣ, ಸ್ಟ್ಯಾಂಡಿಗೆ ಸಿಕ್ಕಿಸಿದರೆ ನಾಲ್ಕು ಅಂತಸ್ತು. ಇದಕ್ಕಿಂತ ಒಳ್ಳೇ ಡಬ್ಬಿ ದುಡ್ಡು ಕೊಟ್ಟರೂ ಸಿಗಲ್ಲ. ಒಂದೇ ತೊಂದರೆ ಅಂದರೆ ಭಾನುವಾರ ಬೆಳಿಗ್ಗೆ ಇಡ್ಲಿ ಆಗಬೇಕು.

ಎರಡು ರಾತ್ರಿ ಹಿಡಿಯಿತು, ಒಟ್ಟು ಮೂರೂವರೆ ಗಂಟೆ. ಸೂಚನೆ ಪುಸ್ತಕದಲ್ಲಿ ಅಕ್ಷರವೇ ಇಲ್ಲ, ಬರೀ ಚಿತ್ರ, ಹಾಗಾಗಿ ಮಗಳೇ ಪುಟ ತಿರುಗಿಸಿದಳು, ನಾನು ಪೀಸು ಕೊಡುವ ಆಳು. ಆ ಮನೆಯದ್ದೆಲ್ಲ ತಿಳಿ ಬಣ್ಣಗಳು, ನಮ್ಮ ಹಾಲಿನ ಮಂಕು ಬಲ್ಬಿನ ಕೆಳಗೆ ತಿಳಿ ಹಳದಿ ಯಾವುದು, ಬಿಳಿ ಯಾವುದು ಅಂತ ಗೊತ್ತಾಗದೆ ಒಂದು ಕಡೆ ನಾಲ್ಕು ಹೆಜ್ಜೆ ಹಿಂದೆ ಹೋಗಿ ಬಿಚ್ಚಬೇಕಾಯ್ತು. ಹಗಲಲ್ಲಿ ಜೋಡಿಸಿ, ಇಲ್ಲವೇ ಬಿಳಿ ಟ್ಯೂಬ್‌ಲೈಟ್ ಇಟ್ಟುಕೊಳ್ಳಿ. ಸ್ಟಿಕ್ಕರ್ ಅಂಟಿಸುವಾಗ ಚಾಕುವಿನ ತುದಿಯಲ್ಲಿ ಹಿಡಿದು ಇಳಿಸಿ. ಬೆರಳಲ್ಲಿ ಹಿಡಿದರೆ ಸೊಟ್ಟಗಾಗುವುದು ಗ್ಯಾರಂಟಿ. ನಮ್ಮದು ಒಂದು ಸೊಟ್ಟಗಿದೆ.

ಎರಡನೇ ರಾತ್ರಿ ಕೊನೆಗೆ ಒಂದು ಪೀಸು ಕಮ್ಮಿ ಬಂತು. ಕಡಲೆಬೇಳೆಗಿಂತ ಚೂರು ದೊಡ್ಡದಾದ ಗುಂಡನೆಯ ಪೀಸು. ಅಂಥ ಸಣ್ಣ ಪೀಸನ್ನು ಸಾಮಾನ್ಯವಾಗಿ ಒಂದೆರಡು ಜಾಸ್ತಿಯೇ ಹಾಕಿರ್ತಾರೆ. ಆದರೂ ಇಲ್ಲ. ಚಾಪೆ ಕೊಡವಿದೆವು, ಸೋಫಾ ಎಳೆದೆವು, ಹೋದ ವರ್ಷ ಕಳೆದ ಕಿವಿಯೋಲೆ ಸಿಕ್ಕಿತು, ಪೀಸು ಸಿಗಲಿಲ್ಲ. ಸರಿ, "ಒಂದು ಪೀಸು ಕಡಿಮೆ ಇತ್ತು" ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಆ ರಾತ್ರಿಯೇ ಕೂತು ರಿವ್ಯೂ ಮುಗಿಸಿ ಮಲಗಿದೆ.

ಬೆಳಿಗ್ಗೆ ಓದಿದರೆ ನಾಚಿಕೆಯಾಯ್ತು. ಅದರಲ್ಲಿದ್ದದ್ದೆಲ್ಲ ಜೋಡಿಸಿದವನ ಖುಷಿ. "ಗೋಡೆ ಮೂಡುವಾಗ ರೋಮಾಂಚನ" ಅಂತೆಲ್ಲ ಬರೆದಿದ್ದೆ. ಗೋಡೆ ಮೂಡಿ ಮುಗಿಯಿತಲ್ಲ, ಇನ್ನು ಆ ಮನೆ ಏನು ಮಾಡತ್ತೆ? ಜೋಡಿಸುವುದು ಮೂರೂವರೆ ಗಂಟೆ, ಆಮೇಲೆ ಅದು ಮನೇಲಿ ವರ್ಷಗಟ್ಟಲೆ ಇರತ್ತೆ. ಮದುವೆ ಮನೆಯಿಂದ ಬಂದ ರಾತ್ರಿಯೇ ದಾಂಪತ್ಯದ ಬಗ್ಗೆ ಬರೆದ ಹಾಗಾಯ್ತು. ಹರಿದು ಹಾಕಿದೆ. ಮೂರು ವಾರ ಅದನ್ನು ಮಗಳ ಕೈಗೆ ಬಿಟ್ಟು ಆಮೇಲೆ ಬರೆಯೋದು ಅಂದುಕೊಂಡೆ. ಈಗ ಎಲ್ಲ ಸೆಟ್ಟಿಗೂ ಹಾಗೇ ಮಾಡ್ತೀನಿ.

ಮೊದಲ ದಿನವೇ ಅವಳು ಮಾಡಿದ್ದು ಏನು ಗೊತ್ತಾ? ಚಿಮಣಿ ಮೇಲಿನ ಬಲೂನು ಗೊಂಚಲು ಹಿಡಿದು ಮನೆ ಎತ್ತೋಕೆ ಹೋದಳು. ಸಿನಿಮಾ ನೋಡಿಲ್ಲ, ಆದರೂ ಕೈ ಅಲ್ಲಿಗೇ ಹೋಯಿತು. ಬಲೂನು ಇರೋದೇ ಎತ್ತೋಕೆ ಅಲ್ವಾ ಅಪ್ಪಾ, ಅಂತ ಅವಳ ವಾದ. ನಾನು ಕೆಳಗೆ ಕೈ ಕೊಟ್ಟೆ. ರಿವ್ಯೂ ಬರೆಯುವವನು ಆ ಪರೀಕ್ಷೆಯನ್ನು ಮಾಡಲೇಬೇಕಿತ್ತು, ಗೊಂಚಲು ಮನೆಯ ಭಾರ ತಡೆಯತ್ತೋ ಇಲ್ಲವೋ ಅಂತ. ಧೈರ್ಯ ಬರಲಿಲ್ಲ. ಮೂರು ವಾರವೂ ಬರಲಿಲ್ಲ. ಅದನ್ನು ಹಾಗೇ ಬರೆದೆ: ಪರೀಕ್ಷಿಸಿಲ್ಲ, ಹೆದರಿಕೊಂಡೆ.

ಗೊಂಚಲು ಚಿಕ್ಕದು ಅನ್ನುವುದು ತುಂಬ ಜನರ ದೂರು. ನನಗೂ ಮನೆಯ ಮುಂದೆ ಅದು ಬಡಪಾಯಿಯಾಗೇ ಕಂಡಿತು. ಆದರೆ ಯೋಚನೆ ಮಾಡಿ, ಸಿನಿಮಾದಲ್ಲಿ ಮನೆ ನೆಲ ಬಿಡುವ ದೃಶ್ಯಕ್ಕೆ ಪಿಕ್ಸಾರ್‌ನವರು ಕಂಪ್ಯೂಟರಿನಲ್ಲಿ 20,622 ಬಲೂನು ಮಾಡಿದ್ದರು. ಅದನ್ನು 598 ಪೀಸಿನಲ್ಲಿ ಎಲ್ಲಿಂದ ತರೋದು? 2011ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್‌ನವರು ನಿಜವಾಗಲೂ ಹಗುರವಾದ ಒಂದು ಮನೆ ಕಟ್ಟಿ, ಎಂಟಡಿ ಎತ್ತರದ ಮುನ್ನೂರು ಹವಾಮಾನ ಬಲೂನು ಕಟ್ಟಿ ಹತ್ತು ಸಾವಿರ ಅಡಿಗೂ ಮೇಲೆ ಹಾರಿಸಿದರು. ಆ ಫೋಟೋದಲ್ಲಿ ನೋಡಿ, ಮನೆ ಇಷ್ಟೇ ಇಷ್ಟು, ಬಲೂನೇ ಆಕಾಶ ತುಂಬ. ಲೆಗೊ ಮನೆಯಲ್ಲಿ ಅದು ತಿರುಗಾಮುರುಗಾ. ಹಾರುವ ಮನೆ ಅಲ್ಲ ಇದು, ಮೇಜಿನ ಮೇಲೆ ನಿಲ್ಲುವ ಮನೆ.

ಈಗ ಕಾರ್ಲ್ ತಲೆಯ ವಿಷಯ. ಇದನ್ನು ನಾನು ಮೂರು ವಾರ ಆದಮೇಲೆ ಸಿನಿಮಾ ಮತ್ತೆ ನೋಡಿದಾಗಲೇ ಗಮನಿಸಿದ್ದು. ಸಿನಿಮಾದ ಕಾರ್ಲ್ ಪೂರ್ತಿ ಚೌಕ. ಚೌಕ ಮುಖ, ಚೌಕ ಕನ್ನಡಕ, ಕೂರುವ ಕುರ್ಚಿಯೂ ಚೌಕ. ಹೆಂಡತಿ ಎಲಿಯದ್ದೆಲ್ಲ ಗುಂಡನೆ ಆಕಾರ. ಚಿತ್ರ ಬರೆದವರು ಬೇಕೆಂದೇ ಹಾಗೆ ಮಾಡಿದ್ದು. ಲೆಗೊ ಅಂದರೇನು? ಚೌಕ. 1958ರಲ್ಲಿ ಪೇಟೆಂಟ್ ಮಾಡಿದ ಇಟ್ಟಿಗೆಯಿಂದ ಹಿಡಿದು ಅವರ ಬದುಕೇ ಚೌಕ. ಆದರೆ ಲೆಗೊ ಮನುಷ್ಯರ ತಲೆ ಮಾತ್ರ 1978ರಿಂದಲೂ ಗುಂಡನೆಯ ಡಬ್ಬಿ. ಹಾಗಾಗಿ ಇಡೀ ಜಗತ್ತಿನಲ್ಲಿ ಚೌಕ ತಲೆ ಸುಲಭವಾಗಿ ಸಿಗಬಹುದಾಗಿದ್ದ ಜಾಗದಲ್ಲೇ ಪಾಪ ಕಾರ್ಲ್‌ಗೆ ಗುಂಡು ತಲೆ ಬಂತು! ಬಿಳಿ ಕೂದಲು, ಸಿಡುಕು ಮುಖ ಸರಿಯಾಗೇ ಇದೆ. ಆದರೂ ಅವನನ್ನು ನೋಡಿದಾಗೆಲ್ಲ ಗಡ್ಡ ಬೋಳಿಸಿಕೊಂಡು ಬಂದ ಪರಿಚಿತರನ್ನು ಕಂಡ ಹಾಗಾಗತ್ತೆ.

ಎಲಿ ಈ ಸೆಟ್ಟಿನಲ್ಲಿ ಇಲ್ಲ. ಸಿನಿಮಾ ನೋಡಿದವರಿಗೆ ಇದು ಚುಚ್ಚತ್ತೆ, ಯಾಕಂದರೆ ಮನೆ ಅವಳದ್ದೂ ಹೌದು, ಮೊದಲ ಹತ್ತು ನಿಮಿಷಕ್ಕೇ ಹೋಗಿಬಿಡುವ ಅವಳಿಗಾಗಿಯೇ ಮುದುಕ ಮನೆ ಎತ್ತಿಕೊಂಡು ಹೊರಡೋದು. ನನ್ನ ರಿವ್ಯೂನಲ್ಲಿ ಒಂದು ಪ್ಯಾರಾ ಇದಕ್ಕೇ ಮೀಸಲಿಟ್ಟಿದ್ದೆ, ಕೊಂಚ ಕಣ್ಣೀರು ಹಾಕಿಯೇ. ಅಷ್ಟರಲ್ಲಿ ಮಗಳು ತನ್ನ ಹಳೇ ಸೆಟ್ಟಿನಿಂದ ಒಬ್ಬ ಮಹಿಳಾ ಪೊಲೀಸ್ ತಂದು ಮನೆಯೊಳಗೆ ಇಟ್ಟಿದ್ದಳು. ಮನೆಯ ಹಿಂಭಾಗ ತೆರೆದೇ ಇದೆ, ಬೊಂಬೆಮನೆ ಥರ, ಕೈ ಆಡತ್ತೆ, ಆದರೆ ಕೋಣೆ ಆಳ ಇಲ್ಲ, ಮೂವರು ನಿಂತರೆ ಇಕ್ಕಟ್ಟು. ಎರಡನೇ ವಾರಕ್ಕೆ ಆ ಮನೆ ಪೊಲೀಸ್ ಠಾಣೆ ಆಗಿತ್ತು. ರಸೆಲ್ ಬಂದು ನಾಯಿ ಕಳೆದಿದೆ ಅಂತ ಕಂಪ್ಲೇಂಟ್ ಕೊಡುವುದು, ಇನ್ಸ್‌ಪೆಕ್ಟರ್ ಮೇಡಂ "ಆಧಾರ್ ಕಾರ್ಡ್ ತಂದಿದೀಯಾ" ಅಂತ ಕೇಳುವುದು, ಕಾರ್ಲ್ ಠಾಣೆಯ ಮುಂದೆ ಟೀ ಮಾರುವುದು. ಡಗ್ ಯಾವಾಗಲೂ ಛಾವಣಿ ಮೇಲೇ ಇರ್ತಿತ್ತು, ಯಾರೂ ಅಲ್ಲಿ ಹುಡುಕ್ತಿರಲಿಲ್ಲ.

ನನ್ನ ಕಣ್ಣೀರಿನ ಪ್ಯಾರಾ ತೆಗೆದೆ. ಎಲಿ ಇಲ್ಲ ಅಂತ ಒಂದು ಸಾಲು ಉಳಿಸಿಕೊಂಡು ಈ ಠಾಣೆಯ ಕಥೆ ಬರೆದೆ. ಸಿನಿಮಾ ಹೆಸರಿನ ಸೆಟ್ಟು ಕೊಳ್ಳುವಾಗ ನಾವು ದೊಡ್ಡವರು ದುಡ್ಡು ಕೊಡೋದು ನೆನಪಿಗೆ, ಆದರೆ ಮಕ್ಕಳು ಆಡೋದು ಆ ಸಿನಿಮಾನ ಅಲ್ಲವೇ ಅಲ್ಲ. ಸಿನಿಮಾ ಗೊತ್ತಿಲ್ಲದ ಮಗುವಿನ ಕೈಯಲ್ಲಿ ಮೂರು ವಾರ ಬದುಕಿದರೆ ಅದು ಆಟಿಕೆ. ಇದು ಬದುಕಿತು. ಷೋಕೇಸಿಗೆ ಬೇಕು ಅನ್ನುವವರೂ ತಗೊಳ್ಳಬಹುದು, ಮುಂಭಾಗ ನಿಜಕ್ಕೂ ಚೆಂದ, ಗೋಡೆಗೆ ಆನಿಸಿ ಇಟ್ಟರೆ ಹಿಂದಿನ ಖಾಲಿ ಕಾಣಲ್ಲ. ಆದರೆ ದೂಳು ಒರೆಸೋಕೆ ಬಟ್ಟೆ ಬೇಡ, ಬಣ್ಣ ಹಚ್ಚುವ ಮೆತ್ತನೆ ಬ್ರಷ್ ಇಟ್ಟುಕೊಳ್ಳಿ.

ನಾಲ್ಕನೇ ಭಾನುವಾರ ಬೆಳಿಗ್ಗೆ, ರಿವ್ಯೂಗೆ ಕೊನೆಯ ಸಲ ಕಣ್ಣಾಡಿಸ್ತಾ "ಒಂದು ಪೀಸು ಕಡಿಮೆ ಇತ್ತು" ಅನ್ನುವ ಸಾಲಿಗೆ ಬಂದಿದ್ದೆ. ಅಡುಗೆಮನೆಯಿಂದ ಅಮ್ಮ ಕೂಗಿದರು. ತಟ್ಟೆಗಳನ್ನು ಸಿಕ್ಕಿಸುವ ಕಂಬಿ ಸಲೀಸಾಗಿ ಕೂರ್ತಾ ಇಲ್ಲ, ಮೂರು ವಾರದಿಂದ ಹೀಗೇ, ತಳದಲ್ಲಿ ಏನೋ ಸಿಕ್ಕಿಕೊಂಡಿದೆ ನೋಡೋ ಅಂತ. ಸ್ಕ್ರೂಡ್ರೈವರ್ ಹಾಕಿ ಮೀಟಿದೆ. ಟಣ್ ಅಂತ ಸಿಂಕಿಗೆ ಬಿತ್ತು. ಮೂರು ಸಲ ಹಬೆಯಲ್ಲಿ ಬೆಂದಿದ್ದರೂ ಬಣ್ಣ ಹಾಗೇ ಇತ್ತು, ಅಂಚಿನಲ್ಲಿ ಒಣಗಿದ ಹಿಟ್ಟು. ತೊಳೆದು ಒತ್ತಿದೆ, ಕಟಕ್ ಅಂತ ಕೂತಿತು. ಸಾಲು ಹೊಡೆದು ಹಾಕಿದೆ.