ಕೆರೆಯ ಅಂತರಗಂಗೆ ನನ್ನ ಬದನೆಗೆ ಗೊಬ್ಬರವಾದದ್ದು

ಮೇಲಿನ ಗದ್ದೆಗಳ ನೀರೆಲ್ಲ ಬಸಿದು ನಮ್ಮೂರ ಕೆರೆಗೇ ಬರುತ್ತದೆ. ನಾವು ಹಾಕಿದ ಯೂರಿಯಾದಲ್ಲಿ ಒಂದಿಷ್ಟು ಅದರ ಜೊತೆ ಹೋಗುತ್ತದೆ. ಅದನ್ನು ತಿಂದೇ ಅಂತರಗಂಗೆ ಅನ್ನುವ ಈ ತೇಲುವ ಕಳೆ ಇಷ್ಟು ಹಬ್ಬುವುದು. ದುಡ್ಡು ಕೊಟ್ಟು ತಂದ ಯೂರಿಯಾದ ಸಾರಜನಕ ಕಣ್ಣೆದುರೇ ತೇಲುತ್ತಿದೆ, ಅದನ್ನು ಹೊಲಕ್ಕೆ ವಾಪಸ್ ತರೋಣ ಅಂತ ಶುರು ಮಾಡಿದೆ.

ಮೊದಲ ಸಲ ಎಡವಿದೆ. ಕೆರೆಯಿಂದ ಎಳೆದದ್ದನ್ನು ಹಸಿಯಾಗಿಯೇ ಗುಡ್ಡೆ ಹಾಕಿದ್ದೆ. ವಾರದಲ್ಲಿ ಲೋಳೆಯಾಗಿ ಗಬ್ಬು ನಾತ. ನೂರು ಕೆಜಿ ಅಂತರಗಂಗೆಯಲ್ಲಿ 90 ಕೆಜಿಗೂ ಜಾಸ್ತಿ ನೀರೇ ಇರುತ್ತದೆ. ಒಳಗೆ ಗಾಳಿ ಆಡದೆ ಕೊಳೆತುಹೋಯಿತು.

ಎರಡನೇ ಸಲ ಹೂ ಬಿಡುವ ಮೊದಲೇ ಎಳೆದೆ. ಇದರ ಬೀಜ ಕೆಸರಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ಅದಕ್ಕೇ ಆ ಕೆರೆಯ ಗೋಡನ್ನೂ ಗುಡ್ಡೆಗೆ ಸೇರಿಸಲಿಲ್ಲ. ಏರಿಯ ಮೇಲೆ ಹರಡಿ ಐದಾರು ದಿನ ಬಾಡಿಸಿದೆ. ಆಮೇಲೆ ಗೇಣುದ್ದ ಕತ್ತರಿಸಿ, ಒಂದು ಪದರ ಅದು, ಒಂದು ಪದರ ಕಬ್ಬಿನ ಸೋಗೆ, ಮೇಲೆ ಸಗಣಿ ಬಗ್ಗಡ ಅಂತ ಎದೆಮಟ್ಟ ಪೇರಿಸಿದೆ. ಮೂರೇ ದಿನಕ್ಕೆ ಕಾವೇರಿತು. ನಡುವೆ ಚುಚ್ಚಿದ ಕಬ್ಬಿಣದ ಸರಳನ್ನು ಎಳೆದರೆ ಕೈಯಲ್ಲಿ ಹಿಡಿಯಲು ಆಗುತ್ತಿರಲಿಲ್ಲ. ಉಳಿದ ಬೀಜ, ಗೆಣ್ಣು ಸಾಯಬೇಕಾದರೆ ಈ ಬಿಸಿ ಬೇಕೇ ಬೇಕು.

ಆದರೆ ಐದನೇ ದಿನ ಮೂಗಿಗೆ ಚುರ್ ಅನ್ನುವ ವಾಸನೆ. ಅದು ಅಮೋನಿಯಾ. ಅಂದರೆ ನಾನು ಹಿಡಿಯಲು ಹೊರಟ ಸಾರಜನಕವೇ ಗಾಳಿಗೆ ಹಾರುತ್ತಿತ್ತು! ತಕ್ಷಣ ಗುಡ್ಡೆ ಬಿಚ್ಚಿ ಇನ್ನಷ್ಟು ಸೋಗೆ ಕಲಸಿ, ಮೇಲೆ ಮೂರು ಬೆರಳು ದಪ್ಪ ಹೊಲದ ಮಣ್ಣು ಮುಚ್ಚಿದೆ. ವಾಸನೆ ನಿಂತಿತು. ಹದಿನೈದು ದಿನಕ್ಕೊಮ್ಮೆ ತಿರುವಿ ಹಾಕಿದೆ. ಮೂರು ತಿಂಗಳಿಗೆ ಕಪ್ಪಗೆ, ಪುಡಿಪುಡಿಯಾಗಿ, ಮೊದಲ ಮಳೆ ಬಿದ್ದ ಮಣ್ಣಿನ ಘಮ ಬಂತು.

ಬದನೆಯ ಅರ್ಧ ಸಾಲಿಗೆ ಇದನ್ನು ಹಾಕಿದೆ, ಅರ್ಧಕ್ಕೆ ಯೂರಿಯಾ. ಯೂರಿಯಾ ಸಾಲು ವಾರದಲ್ಲೇ ಕಡು ಹಸಿರು. ನನ್ನ ಗೊಬ್ಬರದ ಸಾಲು ಇಪ್ಪತ್ತು ದಿನ ಮಂಕಾಗಿಯೇ ಇತ್ತು. ಹೊಟ್ಟೆಯಲ್ಲಿ ಸಂಕಟ. ಇದರ ಸಾರಜನಕ ಗಿಡಕ್ಕೆ ನೇರವಾಗಿ ಸಿಗುವುದಿಲ್ಲ ಅಲ್ವಾ, ಮಣ್ಣಿನ ಸೂಕ್ಷ್ಮಜೀವಿಗಳು ಅರಗಿಸಿ ಸ್ವಲ್ಪಸ್ವಲ್ಪವೇ ಬಿಡಬೇಕು. ನಾಲ್ಕೈದು ಕೊಯ್ಲಾದ ಮೇಲೆ ಯೂರಿಯಾ ಸಾಲು ಹಳದಿಗೆ ತಿರುಗಿ ಮತ್ತೆ ಗೊಬ್ಬರ ಕೇಳಿತು. ಈ ಕಡೆ ಹಸಿರು ಹಾಗೇ ಇತ್ತು. ಈಗ ನಾಟಿಗೆ ಮೂರು ವಾರ ಮೊದಲೇ ಮಣ್ಣಿಗೆ ಸೇರಿಸುತ್ತೇನೆ.

ಲೆಕ್ಕವನ್ನೂ ಹೇಳಿಬಿಡುತ್ತೇನೆ. ಒಂದು ಟನ್ ಹಸಿ ಅಂತರಗಂಗೆ ಪೂರ್ತಿ ಒಣಗಿದರೆ ಉಳಿಯುವುದು ಅರವತ್ತು ಎಪ್ಪತ್ತು ಕೆಜಿ. ಅದರಲ್ಲಿ ಸಾರಜನಕ ಸುಮಾರು ನೂರಕ್ಕೆ 2 ಪಾಲು ಅಂದುಕೊಂಡರೂ ಒಂದೂಕಾಲು ಕೆಜಿ ಅಷ್ಟೆ. 45 ಕೆಜಿ ಯೂರಿಯಾ ಮೂಟೆಯಲ್ಲಿ 20 ಕೆಜಿ ಸಾರಜನಕ ಇರುತ್ತದೆ. ಹಾಗಾಗಿ ಯೂರಿಯಾ ಪೂರ್ತಿ ಬಿಡಬಹುದು ಅಂತ ನಾನು ಹೇಳುವುದಿಲ್ಲ. ನಾನು ಅರ್ಧ ಇಳಿಸಿದ್ದೇನೆ. ಈ ಗೊಬ್ಬರ ಹಾಕಿದ ಮೇಲೆ ನನ್ನ ಕೆಮ್ಮಣ್ಣು ಮೊದಲಿಗಿಂತ ಎರಡು ದಿನ ಜಾಸ್ತಿ ತೇವ ಹಿಡಿಯುತ್ತಿದೆ.

ಒಂದು ಮಾತು. ನಮ್ಮ ಕೆರೆಗೆ ಚರಂಡಿ ನೀರು, ಕಾರ್ಖಾನೆ ನೀರು ಸೇರುವುದಿಲ್ಲ. ಸೇರುವ ಕೆರೆಯಾದರೆ ಈ ಗಿಡ ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನೂ ಹೀರಿಕೊಂಡಿರುತ್ತದೆ. ಅಂಥದ್ದನ್ನು ತಿನ್ನುವ ಬೆಳೆಗೆ ಹಾಕಬೇಡಿ.