ಹಿತ್ತಿಲಿಗೆ ಬರುತ್ತಿದ್ದ ಮೂರು ಬಗೆಯ ನೀರು

ಕಾರ್ಕಳದ ಕಡೆಯ ನಮ್ಮ ಮನೆ ಗುಡ್ಡೆಯ ಇಳಿಜಾರನ್ನು ಕಡಿದು ಸಮತಟ್ಟು ಮಾಡಿದ ಜಾಗದಲ್ಲಿದೆ. ಹಿತ್ತಿಲಿಗೆ ತಾಗಿಕೊಂಡು ಸುಮಾರು ಹತ್ತು ಅಡಿ ಎತ್ತರದ ಧರೆ, ಅಂದರೆ ಗುಡ್ಡೆ ಕಡಿದಲ್ಲಿ ಉಳಿದ ಕಡಿದಾದ ಮಣ್ಣಿನ ಗೋಡೆ; ಅದರ ಬುಡದಲ್ಲಿ ಅರ್ಧಭಾಗಕ್ಕೆ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಹಳೆಯ ಪಾಗಾರ, ಅಂದರೆ ಕಲ್ಲಿನ ತಡೆಗೋಡೆ. ವರ್ಷಕ್ಕೆ 4000 ಮಿ.ಮೀ. ಆಸುಪಾಸಿನಲ್ಲಿ ಸುರಿಯುವ ನಮ್ಮ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರುವುದರಿಂದ, ತುಳುನಾಡಿನ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಈ ಹಿತ್ತಿಲಿನಲ್ಲಿ ಪಾದ ಮುಳುಗುವಷ್ಟು ನೀರು ನಿಂತು ಅಡುಗೆಕೋಣೆಯ ಹೊಸ್ತಿಲನ್ನು ಮುಟ್ಟುತ್ತಿತ್ತು.

ಮಣ್ಣು ತುಂಬಿಸಿ ಹಿತ್ತಿಲನ್ನು ಎತ್ತರಿಸಿ, ಮೇಲೆ ಕಾಂಕ್ರೀಟ್ ಹಾಕಿಸಿ ಎಂಬ ಸಲಹೆ ಹಲವರಿಂದ ಬಂತು. ನೀರು ಎಲ್ಲಿಂದ ಬರುತ್ತಿದೆ ಎಂದು ತಿಳಿಯದೆ ಗುದ್ದಲಿ ಹಿಡಿಯಬಾರದು ಎಂಬುದು ನನ್ನ ಅಭಿಪ್ರಾಯವಾಗಿದ್ದುದರಿಂದ ಒಂದು ಮಳೆಗಾಲವನ್ನು ನೋಡುವುದಕ್ಕೇ ಮೀಸಲಿಟ್ಟೆ. ಜೋರು ಮಳೆಯಲ್ಲಿ ಧರೆಯ ಮೇಲಿನಿಂದ ಬೀಳುತ್ತಿದ್ದುದು ಕೆಂಪು ನೀರು. ಮಳೆ ನಿಂತ ಸ್ವಲ್ಪ ಹೊತ್ತಿಗೆ ಅದೂ ನಿಲ್ಲುತ್ತಿತ್ತು. ಆದರೆ ಧರೆಯ ಬುಡದಲ್ಲಿ ಇಡೀ ದಿನ ಬಿಸಿಲು ಕಾದರೂ ತಿಳಿನೀರು ಜಿನುಗುತ್ತಲೇ ಇತ್ತು. ಅದು ಒರತೆ. ಮುರಕಲ್ಲಿನ ತೂತುಗಳಲ್ಲಿ ಇಳಿದ ನೀರು ಅದರ ಕೆಳಗಿನ ಸೇಡಿ ಮಣ್ಣನ್ನು (ಬಿಳಿಯ ಜೇಡಿಮಣ್ಣನ್ನು) ಸುಲಭವಾಗಿ ದಾಟಲಾರದೆ, ಆ ಎರಡು ಪದರಗಳು ಕೂಡುವಲ್ಲಿ ಅಡ್ಡಕ್ಕೆ ಹರಿದು ಹೊರಬರುತ್ತದೆ. ನಮ್ಮಲ್ಲಿ ಆ ಗೆರೆ ಹಿತ್ತಿಲಿನ ಮಟ್ಟದಲ್ಲೇ ಇತ್ತು. ಮೂರನೆಯದು ಮಾಡಿನ, ಅಂದರೆ ಛಾವಣಿಯ, ನೀರು. ಸಾವಿರ ಚದರಡಿ ಮಾಡಿನ ಮೇಲೆ 100 ಮಿ.ಮೀ. ಮಳೆ ಬಿದ್ದರೆ 9000 ಲೀಟರಿಗೂ ಹೆಚ್ಚು ನೀರಾಗುತ್ತದೆ, ಮತ್ತು ನಮ್ಮ ಮಾಡಿನ ಅರ್ಧದಷ್ಟು ನೀರು ಹಿತ್ತಿಲಿಗೇ ಬೀಳುತ್ತಿತ್ತು. ಈ ಮೂರನ್ನೂ ಬೇರೆ ಬೇರೆಯಾಗಿ, ಅಂಗಳಕ್ಕೆ ಇಳಿಯುವ ಮೊದಲೇ ತಿರುಗಿಸಬೇಕು ಎಂದು ನಿರ್ಧರಿಸಿದೆ.

ಮಾಡಿನದು ಸುಲಭದ ಕೆಲಸ. ಹಿಂದೆ ಅಡಿಕೆ ದಂಬೆ (ಅಡಿಕೆ ಮರ ಸೀಳಿ ಮಾಡಿದ ದೋಣಿ) ಕಟ್ಟುತ್ತಿದ್ದ ಜಾಗಕ್ಕೆ ಆರು ಇಂಚಿನ ಪಿವಿಸಿ ಪೈಪನ್ನು ಸೀಳಿ ಕಟ್ಟಿ, ಅಲ್ಲಿಂದ ನಾಲ್ಕು ಇಂಚಿನ ಪೈಪಿನಲ್ಲಿ ನೀರನ್ನು ನೇರವಾಗಿ ತೋಡಿಗೆ, ಅಂದರೆ ಹತ್ತಿರದ ಹಳ್ಳಕ್ಕೆ, ಬಿಟ್ಟೆ. ಈ ಪೈಪನ್ನು ಒರತೆಗಾಗಿ ನೆಲದೊಳಗೆ ಹಾಕಲಿದ್ದ ತೂತು ಪೈಪಿಗೆ ಜೋಡಿಸಲು ಕೆಲಸದವರು ಹೇಳಿದರೂ ನಾನು ಒಪ್ಪಲಿಲ್ಲ. ಮಳೆ ರಭಸವಾದಾಗ ಮಾಡಿನ ನೀರು ಆ ಪೈಪಿನ ತೂತುಗಳ ಮೂಲಕ ಹೊರಬಂದು ಮಣ್ಣಿಗೇ ಸೇರುತ್ತದೆ.

ಮೇಲಿನ ಕೆಂಪು ನೀರಿಗೆ ಧರೆಯ ಅಂಚಿನಿಂದ ಹತ್ತು ಅಡಿ ಹಿಂದಕ್ಕೆ ಒಂದೂವರೆ ಅಡಿ ಆಳದ ಅಡ್ಡಗಾಲುವೆ ತೆಗೆಸಿದೆ. ಪಕ್ಕದ ತೋಟದ ಹಿರಿಯರು ಬಂದು ನೋಡಿ, "ಮಣ್ಣನ್ನೆಲ್ಲ ಕೆಳಬದಿಗೆ ಹಾಕು ಮಾರಾಯಾ, ಮೇಲೆ ಹಾಕಿದರೆ ಮೊದಲ ಮಳೆಗೇ ಕಣಿ ಮುಚ್ಚಿಹೋಗುತ್ತದೆ" ಎಂದರು, ಹಾಗೆಯೇ ಮಾಡಿದೆವು. ಕಾಲುವೆಯಲ್ಲಿ ಧರೆಗೆ ನೇರ ಮೇಲಿರುವ ಭಾಗಕ್ಕೆ ಸಿಮೆಂಟಿನ ಗಾರೆ ಮಾಡಿಸಿದ್ದು ಅನಗತ್ಯ ಖರ್ಚಲ್ಲ, ಏಕೆಂದರೆ ಅಲ್ಲಿ ನೀರು ನಿಂತು ಇಂಗಿದರೆ ಧರೆಯ ಭಾರ ಹೆಚ್ಚಿ ಜರಿಯುವ ಅಪಾಯವಿದೆ. ಇದೇ ಕಾರಣಕ್ಕೆ ಇಂಗುಗುಂಡಿ ಎಷ್ಟೇ ಒಳ್ಳೆಯದಾದರೂ ಕಡಿದ ಧರೆಯ ಮೇಲ್ಭಾಗದಲ್ಲಿ ಅದನ್ನು ತೋಡಲೇಬಾರದು. ಕಾಲುವೆಯ ಕೊನೆ ನೆರೆಯವರ ಗದ್ದೆಗೆ ಬೀಳದಂತೆ, ಅವರ ಒಪ್ಪಿಗೆ ಪಡೆದು, ಗಡಿಯ ಬದಿಯಿಂದ ತೋಡಿಗೆ ಸೇರಿಸಿದೆ.

ನಿಜವಾದ ಕಷ್ಟ ಇದ್ದುದು ಒರತೆಯಲ್ಲಿ. ಧರೆಯ ಬುಡವನ್ನು ಉದ್ದಕ್ಕೂ ಒಮ್ಮೆಲೇ ಅಗೆದರೆ ಅದಕ್ಕಿರುವ ಆಸರೆಯೇ ತಪ್ಪುವುದರಿಂದ, ಬೇಸಿಗೆಯಲ್ಲಿ ಮಣ್ಣು ಪೂರ್ತಿ ಒಣಗಿದ ಮೇಲೆ, ಹತ್ತತ್ತು ಅಡಿಯಷ್ಟೇ ಅಗೆದು ತುಂಬಿಸುತ್ತಾ ಮುಂದುವರಿಸಿದೆವು. ಎರಡು ಅಡಿ ಆಳದ ಕಣಿಯಲ್ಲಿ ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರನ್ನು ಬಿಟ್ಟು ಮಣ್ಣನ್ನು ತಡೆಯುವ ಬಟ್ಟೆ) ಹಾಸಿ, ಅದರ ಮೇಲೆ ತೊಳೆದ 40 ಮಿ.ಮೀ. ಜಲ್ಲಿ, ನಾಲ್ಕು ಇಂಚಿನ ತೂತು ಪೈಪು, ಮತ್ತೆ ಜಲ್ಲಿ ಹಾಕಿ ಬಟ್ಟೆಯನ್ನು ಮೇಲಿನಿಂದ ಮಡಚಿದೆವು. ಪೈಪಿನ ತೂತುಗಳನ್ನು ಕೆಳಮುಖವಾಗಿ ಇಡಬೇಕು. ಒರತೆಯ ನೀರು ಜಲ್ಲಿಯ ತಳದಿಂದ ಏರುವುದರಿಂದ ಅದು ಮಟ್ಟ ಹೆಚ್ಚುವ ಮೊದಲೇ ಪೈಪನ್ನು ಸೇರುತ್ತದೆ; ಮೇಲ್ಮುಖವಾಗಿಟ್ಟರೆ ಪೈಪು ಮುಳುಗುವವರೆಗೆ ಕಾಯಬೇಕು. ಇಳಿಜಾರು ಹತ್ತು ಅಡಿಗೆ ಒಂದೂಕಾಲು ಇಂಚು. ಕಣ್ಣಳತೆಯನ್ನು ನಂಬದೆ, ಮೇಸ್ತ್ರಿಗಳು ಬಳಸುವ ನೀರು ತುಂಬಿದ ಪಾರದರ್ಶಕ ಪೈಪಿನಿಂದ ಪ್ರತಿ ತುಂಡಿನಲ್ಲೂ ಮಟ್ಟ ನೋಡಿದೆವು. ಪಾಗಾರ ಇರುವಲ್ಲಿ ಅದರ ಹಿಂದೆ ಕಟ್ಟಿಕೊಳ್ಳುವ ನೀರಿಗಾಗಿ ಐದಡಿಗೊಂದರಂತೆ ತೂತು ಕೊರೆಸಿ ಮೂರು ಇಂಚಿನ ಪೈಪಿನ ತುಂಡುಗಳನ್ನು ಕೂರಿಸಿದೆವು. ಕೊನೆಗೆ ಅಂಗಳದ ಮಣ್ಣನ್ನು ಮನೆಯ ಗೋಡೆಯಿಂದ ಹೊರಕ್ಕೆ ಹತ್ತು ಅಡಿಗೆ ಆರು ಇಂಚು ತಗ್ಗುವಂತೆ ಸರಿಪಡಿಸಿ, ಪತ್ತನಾಜೆಯೊಳಗೆ (ಮಳೆಗಾಲಕ್ಕೆ ಮುಂಚೆ, ಮೇ ಕೊನೆಯ ವಾರದ ಸುಮಾರಿಗೆ ಬರುವ ತುಳುನಾಡಿನ ದಿನ) ಎಲ್ಲವನ್ನೂ ಮುಗಿಸಿದೆವು.

ಈಗ ಹಿತ್ತಿಲಿನಲ್ಲಿ ಮಳೆ ಬರುವಾಗ ನೀರು ತೆಳುವಾಗಿ ಹರಿದುಹೋಗುತ್ತದೆ, ನಿಲ್ಲುವುದಿಲ್ಲ. ಪ್ರತಿವರ್ಷ ಪತ್ತನಾಜೆಗೆ ಮುಂಚೆ ಕಾಲುವೆಯ ಹಲಸಿನೆಲೆ, ತೇಗದೆಲೆಗಳನ್ನು ತೆಗೆಸುತ್ತೇನೆ. ಒರತೆಯ ಪೈಪಿನ ಮೇಲ್ತುದಿಯ ಮುಚ್ಚಳ ತೆರೆದು ರಭಸವಾಗಿ ನೀರು ಹಾಯಿಸುತ್ತೇನೆ. ಮಳೆಗಾಲದಲ್ಲಿ ಒರತೆಯ ಪೈಪಿನ ಬಾಯನ್ನು ದಿನವೂ ನೋಡುವುದು ನಮ್ಮ ಮನೆಯಲ್ಲಿ ಈಗ ಅಭ್ಯಾಸ. ಮಳೆ ಹಾಗೆಯೇ ಇದ್ದು ನೀರು ಕಡಿಮೆಯಾದರೆ ಪೈಪು ಕಟ್ಟಿದೆ ಎಂದರ್ಥ. ತಿಳಿನೀರು ಏಕಾಏಕಿ ಬೆಳ್ಳಗೆ ಕದಡಿ ಬಂದರೆ ಒಳಗಿನ ಸೇಡಿ ಮಣ್ಣು ಕೊಚ್ಚಿ ಬರುತ್ತಿರುವ ಸಂಭವವಿದೆ. ಅದರ ಜೊತೆಗೆ ಧರೆಯ ಮೇಲೆ ಬಿರುಕು ಕಂಡರೆ ಅಥವಾ ಮರ ವಾಲಿದರೆ, ಚರಂಡಿಯ ಕೆಲಸವನ್ನು ಬಿಟ್ಟು ಮೊದಲು ಮನೆಮಂದಿಯನ್ನು ಹೊರಗೆ ಕರೆದೊಯ್ಯಬೇಕು, ಅನಂತರ ತಿಳಿದ ಎಂಜಿನಿಯರನ್ನು ಕರೆಸಿ ತೋರಿಸಬೇಕು.